ಬಲ್ಬು ರಾಯರು

ಬಸವೇಶ್ವರನಗರದ ಯಾವುದಾದರೂ ಅಡ್ಡರಸ್ತೆಯಲ್ಲಿ ಬೆಳಿಗ್ಗೆ ಒಂದು ಕಾರು ಸೆಲ್ಫ್ ಹೊಡೆದೂ ಹೊಡೆದೂ ಸ್ಟಾರ್ಟ್ ಆಗದೆ ನಿಂತರೆ ಸಾಕು, ಓನರ್ ಬಾನೆಟ್ ಎತ್ತುವ ಮೊದಲೇ ಬಲ್ಬು ರಾಯರು ಹಾಜರು. ಮೈಸೂರು ರಸ್ತೆಯ ಬಿಎಚ್‌ಇಎಲ್‌ನಲ್ಲೋ ರಾಜಾಜಿನಗರದ ಕಿರ್ಲೋಸ್ಕರ್ ಎಲೆಕ್ಟ್ರಿಕ್‌ನಲ್ಲೋ ಸರ್ವೀಸು ಮುಗಿಸಿದ ಇಂಥವರು ಈ ಕಡೆ ಬೀದಿಗೊಬ್ಬರಂತೆ ಸಿಗುತ್ತಾರೆ. ಕೈಯಲ್ಲಿ ಎಚ್‌ಎಂಟಿ ವಾಚು, ಜೇಬಿನಲ್ಲಿ ವೈರು ಬೆಸೆದ ಹಳೆ ಹೆಡ್‌ಲೈಟ್ ಬಲ್ಬು. ವಾಕಿಂಗಿಗೆ ಬಲ್ಬು ಯಾಕೆ ಎಂದು ಮನೆಯವರು ಕೇಳುವುದನ್ನು ಬಿಟ್ಟು ವರ್ಷಗಳಾಗಿವೆ.

"ಬಾನೆಟ್ ಮುಚ್ರೀ. ಹಿಂದಿನ ಸೀಟ್ ಎತ್ತಿ."

ಪೆಟ್ರೋಲ್ ಪಂಪು ಇರುವುದು ಹಿಂದೆ, ಟ್ಯಾಂಕಿನೊಳಗೆ. ಕೀ ತಿರುಗಿಸಿದೊಡನೆ ಅದು ಎರಡು ಸೆಕೆಂಡು ಗುಂಯ್ ಎಂದು ಲೈನಿಗೆ ಪ್ರೆಶರ್ ತುಂಬಿ ಸುಮ್ಮನಾಗಬೇಕು. ಆ ಗುಂಯ್ ಕೇಳಿಸಿಕೊಳ್ಳಲು ರಾಯರಿಗೆ ಇಡೀ ಬೀದಿ ನಿಶ್ಶಬ್ದವಾಗಬೇಕು. ಅದೇ ಗಳಿಗೆಗೆ ಕಸದ ಆಟೋ ಹಾಡುತ್ತಾ ಬರುತ್ತದೆ. ಅದನ್ನು ನಿಲ್ಲಿಸಿದರೆ ಸೊಪ್ಪಿನವಳು, ಅವಳು ದಾಟಿದರೆ ಮೊದಲನೇ ಮಹಡಿಯ ಕುಕ್ಕರು. "ಒಂದ್ನಿಮಿಷ ಗ್ಯಾಸ್ ಆಫ್ ಮಾಡಮ್ಮಾ, ಪಂಪ್ ಕೇಳ್ತಾ ಇದೀನಿ!" ಎಂದು ರಾಯರು ಮೇಲೆ ನೋಡಿ ಕೂಗುತ್ತಾರೆ. ಆಕೆ ಆಫ್ ಮಾಡುತ್ತಾಳೆ ಕೂಡ. ಆ ಮನೆಯ ಕಾರೂ ಒಮ್ಮೆ ಇವರ ಕೈಗೆ ಸಿಕ್ಕಿದ್ದೇ.

ಗುಂಯ್ ಬರಲಿಲ್ಲವೆಂದರೆ ರಾಯರ ಮುಖದಲ್ಲಿ ಹಬ್ಬದ ಕಳೆ. ಮೊದಲು ಫ್ಯೂಸು, ಆಮೇಲೆ ರಿಲೇ. ಪಂಪಿನ ರಿಲೇ ಕಿತ್ತು ಅದೇ ನಮೂನೆಯ ಹಾರ್ನ್ ರಿಲೇಯನ್ನು ಆ ಜಾಗಕ್ಕೆ ಒತ್ತುತ್ತಾರೆ. ಕಾರು ಸ್ಟಾರ್ಟ್ ಆದರೆ ಕಾಯಿಲೆ ಗೊತ್ತಾದಂತೆ. ಆದರೆ ಓನರ್ ಒಪ್ಪುವುದಿಲ್ಲ. ಬ್ರೇಕ್ ಇಲ್ಲದಿದ್ದರೂ ಹೇಗೋ ಸಂಭಾಳಿಸಿಯಾನು, ಹಾರ್ನ್ ಇಲ್ಲದೆ ಮಾಗಡಿ ರೋಡಿಗೆ ಇಳಿಯುವುದು ಹೇಗೆ?

ರಿಲೇ ಬದಲಿಸಿದರೂ ಗುಂಯ್ ಬರದ ದಿನಗಳೂ ಉಂಟು. ಅಷ್ಟರಲ್ಲಿ ವಿಜಯನಗರದಿಂದ ಮೆಕ್ಯಾನಿಕ್ ಹುಡುಗ ಬಂದಿರುತ್ತಾನೆ. ಪಂಪಿನ ಕನೆಕ್ಟರ್ ಕಿತ್ತು ಮೀಟರ್ ಇಡುತ್ತಾನೆ. 12.4 ವೋಲ್ಟ್. "ಕರೆಂಟ್ ಬರ್ತಿದೆ ಸಾರ್. ಪಂಪ್ ಹೋಗಿದೆ, ಅಸೆಂಬ್ಲಿನೇ ಚೇಂಜ್ ಮಾಡ್ಬೇಕು."

ರಾಯರು ಕಾಯುತ್ತಿದ್ದದ್ದು ಈ ಮಾತಿಗೇ. ಜೇಬಿನಿಂದ 55 ವಾಟಿನ ಬಲ್ಬು ಹೊರಬರುತ್ತದೆ. ಪಂಪು ಹೆಚ್ಚುಕಮ್ಮಿ ಎಳೆಯುವಷ್ಟೇ ಕರೆಂಟು, ನಾಲ್ಕೂವರೆ ಆಂಪಿಯರ್, ಇದೂ ಎಳೆಯುತ್ತದೆ. ಅದೇ ಕನೆಕ್ಟರಿಗೆ ಸಿಕ್ಕಿಸಿದರೆ ಬಲ್ಬು ಮಿಣಮಿಣ. ಈಗ ಮೀಟರ್ ನೋಡಿದರೆ 7 ವೋಲ್ಟ್. "ನಲ್ಲಿ ಮುಚ್ಚಿದ್ರೆ ಕಾವೇರಿ ನೀರಿಗೂ ಫುಲ್ ಪ್ರೆಶರಪ್ಪಾ, ತಿರುಗಿಸಿದಾಗ ತಾನೇ ಬಣ್ಣ ಗೊತ್ತಾಗೋದು?" ಒಂದೇ ಎಳೆ ತಾಮ್ರ ಉಳಿದಿದ್ದರೂ ಮೀಟರಿಗೆ ಸಾಕು, ಮೋಟರಿಗೆ ಸಾಲದು. ಆಮೇಲೆ ರಾಯರು ಮೀಟರಿನ ಒಂದು ಕಡ್ಡಿಯನ್ನು ಕನೆಕ್ಟರಿನ ಅರ್ತ್ ಪಿನ್ನಿಗೆ, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು ಐದು ವೋಲ್ಟು ಅಲ್ಲೇ ಸೋರುತ್ತಿರುವುದನ್ನು ತೋರಿಸುತ್ತಾರೆ. ಸೀಟಿನಡಿ ಬಾಡಿಗೆ ಬಿಗಿದ ಅರ್ತ್ ಬೋಲ್ಟು ತುಕ್ಕು ಹಿಡಿದಿರುತ್ತದೆ. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿದರೆ ಗುಂಯ್. ಉಳಿದದ್ದು ಸಾವಿರಾರು ರೂಪಾಯಿ. ಹುಡುಗನಿಗೆ ಸಿಕ್ಕಿದ್ದು ಲೆಕ್ಚರು.

ಒಂದು ಮಾತನ್ನು ಒಪ್ಪಲೇಬೇಕು. ಎಂಜಿನ್ನಿನ ಕಂಪ್ಯೂಟರಾದ ಇಸಿಎಂನಿಂದ ರಿಲೇಗೆ ಬರುವ ಸಣ್ಣ ವೈರಿಗೆ ರಾಯರು ಈ ಬಲ್ಬನ್ನು ಮುಟ್ಟಿಸುವುದಿಲ್ಲ. ಅಷ್ಟು ಕರೆಂಟು ಎಳೆದರೆ ಕಂಪ್ಯೂಟರೇ ಸುಟ್ಟೀತೆಂಬ ವಿವೇಕ ಅವರಿಗಿದೆ. ಅದಿಲ್ಲದೆ ಟೆಸ್ಟ್ ಲ್ಯಾಂಪ್ ಹಿಡಿದವರೂ ಈ ಊರಲ್ಲಿದ್ದಾರೆ.

ಸದಾ ರಿಸರ್ವ್‌ನಲ್ಲಿ ಓಡಿಸುವವರಿಗೆ ಪ್ರತ್ಯೇಕ ಬೈಗುಳ. ಪಂಪು ತಣ್ಣಗಿರುವುದೇ ಪೆಟ್ರೋಲಿನಲ್ಲಿ ಮುಳುಗಿದ್ದರೆ. 200 ರೂಪಾಯಿಗೆ ಹಾಕಿಸಿಕೊಂಡು ಕೆಂಗೇರಿಗೆ ಹೋಗಿಬರುವವರ ಪಂಪು ಬೇಯದೆ ಇನ್ನೇನಾದೀತು? ಹಳೆಯ ಫೋರ್ಡ್ ಕಂಡರಂತೂ ರಾಯರು ಸೀದಾ ಕಾಲಿಡುವ ಜಾಗಕ್ಕೆ ಬಗ್ಗುತ್ತಾರೆ. ಅಪಘಾತವಾದಾಗ ಪಂಪು ನಿಲ್ಲಿಸುವ ಒಂದು ಸ್ವಿಚ್ ಅಲ್ಲಿರುತ್ತದೆ. ನಾಗರಬಾವಿಯ ಗುಂಡಿಯನ್ನೇ ಅದು ಅಪಘಾತವೆಂದು ನಂಬಿರುತ್ತದೆ. ಗುಂಡಿ ಒತ್ತಿದರೆ ಮುಗಿಯಿತು.

ಇಷ್ಟೆಲ್ಲ ಬಲ್ಲ ರಾಯರ ಸ್ವಂತ ಕಾರು ಕಾರ್ಬುರೇಟರ್ ಕಾಲದ ಮಾರುತಿ 800. ಅದರ ಪಂಪನ್ನು ಎಂಜಿನ್ನಿನ ಕ್ಯಾಮ್‌ಶಾಫ್ಟೇ ಒದ್ದು ಓಡಿಸುತ್ತದೆ. ರಿಲೇ ಇಲ್ಲ, ಫ್ಯೂಸಿಲ್ಲ, ಒಂದೆಳೆ ವೈರೂ ಇಲ್ಲ. ಅದು ಕೆಟ್ಟು ನಿಂತ ದಿನ ರಾಯರು ಗೇಟು ಮುಚ್ಚಿ, ಮೆಲ್ಲನೆ ಅದೇ ವಿಜಯನಗರದ ಹುಡುಗನಿಗೆ ಫೋನ್ ಮಾಡುತ್ತಾರೆ. ಅವನು ಬರುತ್ತಾನೆ, ಗಾಡಿಯ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಹಾಕುತ್ತಾನೆ, ಆಮೇಲೆ ತುಂಬ ವಿನಯದಿಂದ ಕೇಳುತ್ತಾನೆ:

"ಅಸೆಂಬ್ಲಿನೇ ಚೇಂಜ್ ಮಾಡ್ಬಿಡ್ಲಾ ಸಾರ್?"