ಶನಿವಾರದ ಕುಂಭಕರ್ಣ

ಶನಿವಾರ ಸಂಜೆ ಹಿಂದೂಪುರದಿಂದ ಬರುವ ಬಸ್ಸು ಲೇಪಾಕ್ಷಿಯಲ್ಲಿ ನಿಂತಾಗ, ಬೆನ್ನಿಗೊಂದು ಬ್ಯಾಗು, ಕಣ್ಣ ಕೆಳಗೆ ಎರಡು ಕಪ್ಪು ಚೀಲ ಹೊತ್ತು ಇಳಿಯುವ ಹುಡುಗನನ್ನು ನೀವು ನೋಡಿರುತ್ತೀರಿ. ಬ್ಯಾಗಿನಲ್ಲಿ ಒಗೆಯಬೇಕಾದ ಬಟ್ಟೆ, ಚೀಲಗಳಲ್ಲಿ ವಾರದ ನಿದ್ದೆಯ ಬಾಕಿ. ಹೆಸರೇನೂ ಬೇಡ, ಬೀದಿಗೊಬ್ಬ ಇದ್ದಾನೆ. ಬೆಂಗಳೂರಿನಲ್ಲಿ ಓದುತ್ತಾನೆ, ಪಿ.ಜಿ.ಯಲ್ಲಿ ಬಾಡಿಗೆ ಕಟ್ಟುತ್ತಾನೆ, ಮಲಗುವುದು ಮಾತ್ರ ಎಲ್ಲಿ ಎಂದು ಅವನಿಗೇ ಗೊತ್ತಿಲ್ಲ.

ಚಪ್ಪಲಿ ಬಿಡುವ ಮೊದಲೇ ಶುರು: “ಅಮ್ಮಾ, ಒಂದು ವಾರದಿಂದ ಸರಿಯಾಗಿ ನಿದ್ದೇನೇ ಇಲ್ಲಮ್ಮ.” ಅಮ್ಮ ಕಂಗಾಲು. ಬಿಸಿ ಮುದ್ದೆ, ಹುರುಳಿ ಸಾರು, ಅದರ ಮೇಲೊಂದು ಲೋಟ ಮಜ್ಜಿಗೆ. ಎಂಟೂವರೆಗೆ ನಡುಮನೆಯ ಚಾಪೆಯ ಮೇಲೆ ಒರಗಿದವನು ಏಳುವುದು ಭಾನುವಾರ ಹನ್ನೊಂದಕ್ಕೆ. ಅಷ್ಟರಲ್ಲಿ ಮಿಕ್ಸಿ ಕಡ್ಲೆಬೀಜದ ಚಟ್ನಿ ರುಬ್ಬಿರುತ್ತದೆ, ಹಾಲಿನವನು ಕೂಗಿ ಹೋಗಿರುತ್ತಾನೆ, ಬಂದ ನೆಂಟರು ಇವನನ್ನು ದಾಟಿಕೊಂಡೇ ಕಾಫಿ ಕುಡಿದು ಹೊರಟಿರುತ್ತಾರೆ. “ನಿದ್ದೆ ಬರಲ್ಲ ಅಂದೋನು ಇವನೇನಾ?” ಎಂದು ಅಪ್ಪ ಕೇಳಿದರೆ ಮನೆಯಲ್ಲಿ ಯಾರ ಬಳಿಯೂ ಉತ್ತರವಿಲ್ಲ. ಗೊರಕೆಯೇ ಎದುರು ಪಕ್ಷದ ಸಾಕ್ಷಿ ಹೇಳಿದ ಮೇಲೆ ಕೇಸು ನಿಲ್ಲುವುದು ಹೇಗೆ?

ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದಾರೆ. ಇವನ ದೂರನ್ನು ಸುತರಾಂ ಒಪ್ಪದವರು ಅವರೇ, ಮತ್ತು ಅವರ ವಾದದಲ್ಲಿ ತೂಕವಿದೆ. ಅವರು ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದಲ್ಲಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು, ಅನಂತಪುರ ಜಿಲ್ಲೆ ಆಂಧ್ರಕ್ಕೆ ಹೋಯಿತು. 1956ರಲ್ಲಿ ಅದೇ ಆಂಧ್ರಪ್ರದೇಶವಾಯಿತು. 2014ರಲ್ಲಿ ಅರ್ಧ ಒಡೆಯಿತು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಯೂ ಹೋಗಿ ಶ್ರೀ ಸತ್ಯಸಾಯಿ ಜಿಲ್ಲೆ ಬಂತು. “ಇಷ್ಟೆಲ್ಲ ಬದಲಾದ್ರೂ ನಾನು ಈ ಚಾಪೆ ಬಿಟ್ಟು ಏಳ್ಲಿಲ್ಲ ಕಣಪ್ಪ, ಒಂದು ರಾತ್ರಿ ನಿದ್ದೆ ಕೆಡಿಸ್ಕೊಳ್ಳಲಿಲ್ಲ. ನೀನು ಬರೀ ಬೆಂಗಳೂರಿಗೆ ಹೋಗಿದ್ದಕ್ಕೆ ಹಿಂಗಾ?” ಅಜ್ಜಿಯ ಲೆಕ್ಕದಲ್ಲಿ ಒಂದೇ ಒಂದು ತಪ್ಪಿದೆ. ರಾಜ್ಯ ಬದಲಾದಾಗಲೆಲ್ಲ ಅವರ ಚಾಪೆ, ದಿಂಬು, ಪಕ್ಕದ ಮನೆಯವರು ಎಲ್ಲ ಇದ್ದಲ್ಲೇ ಇದ್ದರು. ಮೊಮ್ಮಗನ ವಿಷಯದಲ್ಲಿ ಚಾಪೆಯೇ ಗಡಿಯ ಕೊಡಿಕೊಂಡ ಚೆಕ್‌ಪೋಸ್ಟ್ ದಾಟಿಬಿಟ್ಟಿದೆ.

ಪಿ.ಜಿ.ಯಲ್ಲಿ ಮೂವರಿಗೆ ಒಂದು ಕೋಣೆ. ಒಬ್ಬನಿಗೆ ರಾತ್ರಿ ಪಾಳಿಯ ಕೆಲಸ, ಇನ್ನೊಬ್ಬನಿಗೆ ರಾತ್ರಿ ಪಾಳಿಯ ಪ್ರೇಮ. ನಮ್ಮವನು ಮೊದಲ ತಿಂಗಳು ದಿಂಬನ್ನು ಬೈದ, ಎರಡನೆಯ ತಿಂಗಳು ಫ್ಯಾನಿನ ಕಿರ್ ಕಿರ್ ಶಬ್ದವನ್ನು, ಆಮೇಲೆ ಕಾವೇರಿ ನೀರನ್ನು. ಈಗ ಈ ವಿಷಯದಲ್ಲಿ ಅವನು ಪಂಡಿತ. ಮೆಲಟೋನಿನ್ ಎಂದರೇನು, ಫೋನಿನ ನೀಲಿ ಬೆಳಕು ಯಾಕೆ ಕೆಟ್ಟದ್ದು, ಎಲ್ಲ ಬಲ್ಲ. ಬಲ್ಲದ್ದೆಲ್ಲ ನಡುರಾತ್ರಿ ಎರಡು ಗಂಟೆಗೆ ಫೋನಿನಲ್ಲೇ ಓದಿದ್ದು. ಸಂಜೆ ಆರಕ್ಕೆ ಕುಡಿದ ಕಾಫಿಯ ಕೆಫೀನು ರಾತ್ರಿ ಹನ್ನೊಂದಕ್ಕೂ ಸುಮಾರು ಅರ್ಧದಷ್ಟು ಮೈಯಲ್ಲೇ ಉಳಿದಿರುತ್ತದೆ ಎಂದು ಗೆಳೆಯರಿಗೆ ವಿವರಿಸುತ್ತಾನೆ, ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡು. ದಿನವೂ ಒಂದೇ ಹೊತ್ತಿಗೆ ಏಳಬೇಕು, ರಜೆಯ ದಿನವೂ ಕೂಡ, ಎಂಬ ವೈದ್ಯರ ಮಾತೂ ಅವನಿಗೆ ಬಾಯಿಪಾಠ. ಭಾನುವಾರ ಹನ್ನೊಂದು ಗಂಟೆಗೂ ಸೋಮವಾರ ರಾತ್ರಿ ಕಣ್ಣು ಬಿಟ್ಟುಕೊಂಡು ಬಿದ್ದಿರುವುದಕ್ಕೂ ಸಂಬಂಧವಿದೆ ಎಂಬುದನ್ನು ಮಾತ್ರ ಒಪ್ಪುವುದಿಲ್ಲ. ಅದು ಮನೆಯ ಚಾಪೆಗೆ ಅವಮಾನ ಎಂದು ಅವನ ಭಾವನೆ.

ಒಮ್ಮೆ ಗೆಳೆಯರನ್ನು ಊರಿಗೆ ಕರೆತಂದು ವೀರಭದ್ರ ಗುಡಿ ತೋರಿಸಿದ. ನೆಲ ಮುಟ್ಟದ ಕಂಬದ ಕೆಳಗೆ ಎಲ್ಲರಂತೆ ಅವರೂ ಬಟ್ಟೆ ತೂರಿಸಿ ನೋಡಿದರು, ಅಂದಿನಿಂದ ಇವನಿಗೆ ‘ಲೇಪಾಕ್ಷಿ ಕಂಬ’ ಎಂದೇ ಹೆಸರು: ರಾತ್ರಿಯಿಡೀ ಕೂತದ್ದೂ ಅಲ್ಲ, ಮಲಗಿದ್ದೂ ಅಲ್ಲ. ಕೆಂಪಗಾದ ಕಣ್ಣು ನೋಡಿ ಊರಿನವರು ಬೇರೆ ಕತೆ ಎತ್ತುತ್ತಾರೆ. ರಾಜ ಶಿಕ್ಷಿಸುವ ಮೊದಲೇ ಗುಡಿ ಕಟ್ಟಿಸಿದ ವಿರೂಪಣ್ಣ ತನ್ನ ಕಣ್ಣು ತಾನೇ ಕಿತ್ತು ಗೋಡೆಗೆ ಎಸೆದನಂತೆ, ಕೆಂಪು ಕಲೆ ಇನ್ನೂ ಇದೆ ಎಂದು ತೋರಿಸುತ್ತಾರೆ. “ಪರೀಕ್ಷೆ ಹತ್ರ ಬಂತೇನೋ, ವಿರೂಪಣ್ಣ?” ಸೋದರಮಾವನಿಗಂತೂ ಊರಿನ ಕಲ್ಲು ಬಸವಣ್ಣನೇ ಆದರ್ಶ: “ಇಪ್ಪತ್ತೇಳು ಅಡಿ ಉದ್ದ ಇದಾನೆ, ಐನೂರು ವರ್ಷದಿಂದ ಕಣ್ಣು ಮುಚ್ಚಿಲ್ಲ. ಒಂದಿನ ಕಾಲೇಜಿಗೆ ಚಕ್ಕರ್ ಹಾಕಿದಾನಾ?”

ಔಷಧಿಗೇನೂ ಬರವಿಲ್ಲ. ಉಷ್ಣ ಎಂದು ನೆತ್ತಿಗೆ ಹರಳೆಣ್ಣೆ, ಅದು ಸಾಲದೆಂದು ಗಸಗಸೆ ಪಾಯಸ. ದೃಷ್ಟಿ ತಾಗಿರಬೇಕೆಂದು ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರದಿದ್ದರೆ ದೃಷ್ಟಿ ಆಗಿದೆ ಎಂದರ್ಥ. ಹಿಂದೂಪುರದ ಮೆಣಸಿನಕಾಯಿ ಮಂಡಿಯ ಮಾಲು, ಬೀದಿಯೆಲ್ಲ ಕೆಮ್ಮಿತು. ದೃಷ್ಟಿಯ ವಾದ ಅಲ್ಲಿಗೆ ಬಿದ್ದುಹೋಯಿತು.

ಬೇಜಾರು ಅನ್ನುವುದನ್ನು ಯಾರೂ ಕೇಳಲಿಲ್ಲ, ಇವನೂ ಹೇಳಲಿಲ್ಲ. ನಿದ್ದೆ ಬರುತ್ತಿಲ್ಲ ಎನ್ನಬಹುದು, ಅದಕ್ಕೆ ಎಣ್ಣೆಯಿದೆ. ಗೆಳೆಯರ ನಡುವೆ ಕೂತಾಗಲೂ ಒಳಗೆ ಏನೋ ಕುಸಿಯುತ್ತದೆ, ಕ್ರಿಕೆಟ್ಟೂ ಬೇಡವಾಗಿದೆ ಎಂದರೆ ಯಾವ ಡಬ್ಬಿ ತೆಗೆಯುವುದು? ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಹಿಂದೂಪುರದ ಶಾಲೆಯಲ್ಲಿ ಇವನು ‘ಕನ್ನಡದೋನು’. ಬೆಂಗಳೂರಿನಲ್ಲಿ ‘ಆಂಧ್ರದೋನು’. ಸಾಬೀತು ಮಾಡೋಣವೆಂದು ನಮ್ಮೂರ ಗುಡಿಯಲ್ಲಿ ಕನ್ನಡ ಶಾಸನ ಇದೆ ನೋಡಿ ಎಂದು ಫೋಟೊ ತೋರಿಸಿದ. ‘ಓದು ನೋಡೋಣ’ ಎಂದರು. ವಿಜಯನಗರದ ಕಾಲದ ಆ ಲಿಪಿಯೆದುರು ಹುಡುಗ ತಬ್ಬಿಬ್ಬು. ಊರಲ್ಲಿ ಯಾರ ಮಗ ಎಂದು ಎಲ್ಲರಿಗೂ ಗೊತ್ತಿತ್ತು, ಕ್ಲಾಸಿಗೆ ಮೊದಲಿಗನಾಗಿದ್ದ. ಇಲ್ಲಿ ಹಾಜರಿ ಪುಸ್ತಕದ ಒಂದು ನಂಬರು. ಇಷ್ಟಾದ ಮೇಲೂ ಪೂರ್ತಿ ತಪ್ಪು ಫ್ಯಾನಿನದ್ದೇ ಎಂದು ವಾದಿಸುವವನನ್ನು ನಾನು ಸ್ವಲ್ಪ ಮೆಚ್ಚುತ್ತೇನೆ.

ಹೊಸ ಜಾಗಕ್ಕೆ ಹೋದವರ ಮನಸ್ಸು ಕೆಲವು ದಿನ ಮುದುಡುವುದು ಸಹಜ. ಎರಡು ವಾರ ದಾಟಿಯೂ ದಿನದ ಬಹುಪಾಲು ಹೀಗೇ ಇದ್ದರೆ ಕೇಳಬಲ್ಲವರ ಹತ್ತಿರ ಹೇಳಬೇಕು ಎಂದು ಕಾಲೇಜಿನ ಗೋಡೆಯ ಚೀಟಿಯಲ್ಲಿತ್ತು. ಕೆಳಗೆ ಟೆಲಿ-ಮಾನಸ್ ನಂಬರು, 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ್ದು, ದಿನದ ಇಪ್ಪತ್ನಾಲ್ಕು ಗಂಟೆಯೂ ಇದೆ, ದುಡ್ಡಿಲ್ಲ, ನಿಮ್ಹಾನ್ಸ್‌ನ ಉಸ್ತುವಾರಿಯಿದೆ. ಇವನು ಅದನ್ನು ಫೋನಿನಲ್ಲಿ ‘ಕರೆಂಟ್ ಕಂಪ್ಲೇಂಟ್’ ಎಂಬ ಹೆಸರಲ್ಲಿ ಉಳಿಸಿಕೊಂಡ, ಯಾರ ಕಣ್ಣಿಗಾದರೂ ಬಿದ್ದೀತೆಂದು.

ಕಳೆದ ಶನಿವಾರ ಮುದ್ದೆ ಉಂಡರೂ ನಿದ್ದೆ ಬರಲಿಲ್ಲ. ಚಾಪೆಯೇ ಕೈಕೊಟ್ಟ ಮೇಲೆ ಹುಡುಗ ಹೆದರಿದ, ಮಾಳಿಗೆ ಹತ್ತಿ ಆ ನಂಬರಿಗೆ ಫೋನು ಮಾಡಿದ. ಯಾವ ಭಾಷೆ ಎಂದು ಅದು ಕೇಳಿತು. ಜಗಳಕ್ಕೆ ತೆಲುಗು, ಪರೀಕ್ಷೆಗೆ ಇಂಗ್ಲಿಷು, ಇದಕ್ಕೆ ಯಾವುದು ಎಂದು ಸ್ವಲ್ಪ ತಡವರಿಸಿ ಕನ್ನಡ ಒತ್ತಿದ. ಫ್ಯಾನಿನಿಂದ ಶುರುಮಾಡಿದವನು ಪಿ.ಜಿ.ಯ ನೀರು ಸಾಂಬಾರಿಗೆ ಬಂದು, ಅಲ್ಲಿಂದ ಎಲ್ಲೆಲ್ಲಿಗೋ ಹೋಗಿ, ಬಹಳ ಹೊತ್ತು ಮಾತಾಡಿದ.

ಬೆಳಿಗ್ಗೆ ಅಜ್ಜಿ ಕಾಫಿ ಲೋಟ ಮುಂದಿಟ್ಟು ದನಿ ತಗ್ಗಿಸಿದರು: “ಹುಡುಗಿ ಯಾವ ಊರೋ?”

“ಹುಡುಗೀನೂ ಇಲ್ಲ, ಏನೂ ಇಲ್ಲ ಅಜ್ಜಿ. ಕರೆಂಟ್ ಆಫೀಸು.”

“ಕರೆಂಟ್ ಆಫೀಸ್ನೋರು ಅಷ್ಟೊತ್ನಲ್ಲಿ ಫೋನ್ ಎತ್ತಿದ್ರಾ?” ಎಂದರು ಅಜ್ಜಿ. “ನಮ್ಮೋರೇನಾ, ಅದನ್ನಾದ್ರೂ ಹೇಳು.”