ತಾತನ ಎಸ್.ಆರ್.

ನಮ್ಮ ರಾಯಚೂರು ಸೀಮೆಯಲ್ಲಿ ಯಾರಾದರೂ ಬಂದು ಕುಂತು ‘ನಿಮ್ಮ ತಾತನ ಹೆಸರೇನ್ರಿ?’ ಎಂದು ಕೇಳಿದರೆ ಮನೆಯವರು ಚಹಾಕ್ಕಿಡುವ ಮೊದಲು ಪಹಣಿ ಎಲ್ಲಿದೆ ಎಂದು ನೋಡಿಕೊಳ್ಳುತ್ತಾರೆ. ತಾತನ ಸುದ್ದಿ ತೆಗೆದವನ ಕಣ್ಣು ಹೊಲದ ಮೇಲಿರುತ್ತದೆ ಎಂಬುದು ಇಲ್ಲಿ ಸಣ್ಣ ಹುಡುಗರಿಗೂ ಗೊತ್ತು. ಪೌತಿ ಖಾತೆಗೆ ವಂಶವೃಕ್ಷ ಬೇಕು, ಹಿಸ್ಸೆ ಮಾಡಿಕೊಳ್ಳಲು ವಂಶವೃಕ್ಷ ಬೇಕು, 371(ಜೆ) ಸರ್ಟಿಫಿಕೇಟಿಗೆ ನಾವು ಇಲ್ಲಿಯವರೇ ಎಂಬ ಪುರಾವೆ ಬೇಕು. ಇದ್ಯಾವುದೂ ಬೇಡದವರು ಸತ್ತವರ ಹೆಸರನ್ನು ಸುಮ್ಮಸುಮ್ಮನೆ ಯಾಕೆ ಎತ್ತುತ್ತಾರೆ?

ಯಾಪಲದಿನ್ನಿಯ ನಿವೃತ್ತ ಹೆಡ್ ಮಾಸ್ತರು ಎತ್ತುತ್ತಾರೆ. ಇಂಥವರು ಈಗ ಹೋಬಳಿಗೊಬ್ಬರಾದರೂ ಸಿಗುತ್ತಾರೆ. ಪಿಂಚಣಿ ಬರುತ್ತದೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಶುಗರ್ ಇದೆ, ಹೊತ್ತು ಹೋಗುವುದಿಲ್ಲ. ಕೆಲವರು ಇಂಥ ಹೊತ್ತಿನಲ್ಲಿ ಯೋಗ ಹಿಡಿಯುತ್ತಾರೆ, ಕೆಲವರು ಆಧುನಿಕ ವಚನ ಬರೆಯುತ್ತಾರೆ. ಮಾಸ್ತರು ತಮ್ಮ ತಾತನನ್ನು ಹಿಡಿದರು.

ಹಿಡಿದರು ಎಂದೆ, ಆದರೆ ತಾತ ಕೈಗೆ ಸಿಕ್ಕಿಲ್ಲ. ಮನೆತನದಲ್ಲಿ ಆತನಿಗಿರುವ ಹೆಸರೇ ಬೊಂಬಾಯಿ ತಾತ. ನಿಜಾಮನ ಕಾಲದಲ್ಲಿ ಹೋದ, ಪೊಲೀಸ್ ಆಕ್ಷನ್ ಆದ ಮೇಲೆ ಬಂದ, ನಡುವೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬಂದು ಮುಖ ತೋರಿಸಿ ಹೋದ. ಅಲ್ಲಿ ಏನು ಕೆಲಸ ಮಾಡಿದ ಎಂದರೆ ಯಾರೂ ಹೇಳುವುದಿಲ್ಲ. ‘ದುಡ್ಯಾಕ ಹೋಗಿದ್ದ’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಮೂವತ್ತೈದು ವರ್ಷ ಸರ್ಕಾರಿ ಸೇವೆಯಲ್ಲಿದ್ದ ಮಾಸ್ತರರಿಗೆ ಇದು ಸಹಿಸಲಾಗದ ಅಶಿಸ್ತು. ದುಡಿದ ಮನುಷ್ಯನಿಗೆ ಒಂದು ಎಸ್.ಆರ್., ಅಂದರೆ ಸರ್ವಿಸ್ ರಿಜಿಸ್ಟರ್, ಇರಲೇಬೇಕು ಎಂಬುದು ಅವರ ನಂಬಿಕೆ. ಅದಕ್ಕೇ ರಾಯಚೂರಿನ ಸ್ಟೇಷನರಿ ಅಂಗಡಿಯಿಂದ ಒಂದು ಸೇವಾ ಪುಸ್ತಕವನ್ನೇ ತಂದು, ಮೊದಲ ಪುಟದಲ್ಲಿ ತಾತನ ಹೆಸರು ಬರೆದು, ಕೆಳಗೆ ತಮ್ಮ ಸಹಿ ಹಾಕಿ ಸೀಲು ಒತ್ತಿದ್ದಾರೆ. ನೇಮಕಾತಿ ದಿನಾಂಕ ಖಾಲಿ, ಹುದ್ದೆ ಖಾಲಿ, ಬಡ್ತಿ ಖಾಲಿ. ‘ದೇಹದ ಮೇಲಿನ ಗುರುತು’ ಎಂಬಲ್ಲಿ ಮಾತ್ರ ‘ಎಡಗೈ ಕಿರುಬೆರಳು ಅರ್ಧ ಇಲ್ಲ’ ಎಂದು ತುಂಬಿದ್ದಾರೆ. ಆ ಅರ್ಧ ಬೆರಳು ಯಂತ್ರಕ್ಕೆ ಹೋಯಿತೋ, ಹಡಗಿನ ಸರಪಳಿಗೆ ಹೋಯಿತೋ ಎಂಬುದೇ ಅವರ ಸಂಶೋಧನೆಯ ಮುಖ್ಯ ಪ್ರಶ್ನೆ.

ಕಂಕುಳಲ್ಲಿ ಸುತ್ತಿದ ಡ್ರಾಯಿಂಗ್ ಶೀಟು, ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ವಂಶವೃಕ್ಷದಲ್ಲಿ ಇದ್ದವರು ಹಸಿರು, ಸತ್ತವರು ಕೆಂಪು, ಹೆಣ್ಣು ಕೊಟ್ಟ ಊರುಗಳು ನೀಲಿ. ಬೆಳಿಗ್ಗೆ ಹೋಟೆಲಿನಲ್ಲಿ ಮಂಡಾಳ ಒಗ್ಗರಣಿ ಮಿರ್ಚಿ ತಿನ್ನುವವರ ಟೇಬಲ್ಲಿಗೆ ಬಂದು ಶೀಟು ಬಿಚ್ಚಿದರೆಂದರೆ ಎಲ್ಲರೂ ಪ್ಲೇಟು ಕೈಗೆತ್ತಿಕೊಳ್ಳಬೇಕು. ಎಣ್ಣೆ ಕಲೆಯಾದ ಒಂದು ಮೂಲೆಯಲ್ಲಿ ಇಬ್ಬರು ಕಾಕಂದಿರು ಪೂರಾ ಅಳಿಸಿ ಹೋಗಿದ್ದಾರೆ.

ಮಾಸ್ತರರ ಬಳಿ ಒಂದು ಹಿತ್ತಾಳೆ ಬಿಲ್ಲೆ ಇದೆ. ನಡುವೆ ತೂತು, ಕೆಳಗೆ ನಂಬರು. ಅಜ್ಜಿಯ ಟ್ರಂಕಿನಲ್ಲಿ ಸಿಕ್ಕದ್ದು. ಇದು ಗಿರಣಿಯ ಹಾಜರಿ ಬಿಲ್ಲೆ ಎಂದು ಮಾಸ್ತರು, ಬಂದರಿನ ಹಮಾಲರದ್ದು ಎಂದು ಅವರ ತಮ್ಮ. ಒಮ್ಮೆ ಮನೆಗೆ ಬಂದ ಅಳಿಯ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಮಾವಾ, ಇದು ಮುನಿಸಿಪಾಲ್ಟಿ ನಾಯಿ ಬಿಲ್ಲೆ ಇದ್ದಂಗ ಅದ’ ಎಂದುಬಿಟ್ಟ. ಆವತ್ತಿನಿಂದ ವಂಶವೃಕ್ಷದಲ್ಲಿ ಅಳಿಯನ ಹೆಸರು ಪೆನ್ಸಿಲಿನಲ್ಲಿದೆ.

ಊರಲ್ಲಿ ಯಾವ ಮುದುಕರಿಗೆ ಜ್ವರ ಬಂದರೂ ಡಾಕ್ಟರಿಗಿಂತ ಮೊದಲು ಮಾಸ್ತರು ಹಾಜರು. ಮೊಬೈಲು ರೆಕಾರ್ಡಿಂಗಿಗೆ ಇಟ್ಟು ತಲೆದಿಂಬಿನ ಹತ್ತಿರ ಕೂರುತ್ತಾರೆ. ಅವರು ಬಾಗಿಲಲ್ಲಿ ಕಂಡರೆ ಮನೆಯ ಹೆಂಗಸರಿಗೆ ಎದೆ ಧಸಕ್ಕೆನ್ನುತ್ತದೆ. ಕೇರಿಯ ಹಿರೇ ಮುದುಕಿಯ ಜೊತೆ ನಡೆದ ಮಾತುಕತೆಯನ್ನು ಅವರು ಹೋಟೆಲಿನಲ್ಲಿ ಎಲ್ಲರಿಗೂ ಕೇಳಿಸಿದ್ದಾರೆ.

‘ಯವ್ವಾ, ತಾತ ಬೊಂಬಾಯಿಗೆ ಹೋಗಿದ್ದು ಯಾವ ಇಸ್ವಿ?’

‘ಇಸ್ವಿ ಪಸ್ವಿ ನನಗೇನ್ ಗೊತ್ತೋ ಯಪ್ಪಾ. ನಮ್ಮ ಕೆಂದೆಮ್ಮಿ ಸತ್ತ ವರ್ಷ.’

‘ಎಮ್ಮಿ ಯಾವಾಗ ಸತ್ತಿತ್ತು?’

‘ಅವ ಹೋದ ವರ್ಷ.’

‘ರಜಾಕಾರರ ಗದ್ದಲಕ್ಕಿಂತ ಮೊದಲೋ, ಆಮ್ಯಾಲೋ?’

‘ಎಮ್ಮಿಗ್ಯಾತರ ರಜಾಕಾರರೋ?’

ಮಾಸ್ತರು ಎದೆಗುಂದಲಿಲ್ಲ. ಬಾಯಿ ಮಾತು ಬೇಡ, ಕಾಗದವೇ ಮಾತಾಡಲಿ ಎಂದು ರೆಕಾರ್ಡ್ ರೂಮಿಗೆ ಇಳಿದರು. ಅಲ್ಲಿ ಬಸ್ತಾ ಬಿಚ್ಚಿದರೆ ಎಲ್ಲ ಉರ್ದು. 1948ರ ಸೆಪ್ಟೆಂಬರ್‌ವರೆಗೆ ರಾಯಚೂರು ಹೈದರಾಬಾದ್ ಸಂಸ್ಥಾನದ್ದು, ಕಂದಾಯವೆಲ್ಲ ಉರ್ದುವಿನಲ್ಲಿ, ವರ್ಷ ಫಸಲಿಯಲ್ಲಿ. ಮಾಸ್ತರು ಆ ವಯಸ್ಸಿನಲ್ಲಿ ಮಸೀದಿಯ ಹಜರತರ ಬಳಿ ಕುಂತು ಅಲೀಫ್ ಬೇ ಕಲಿತರು. ಕಲಿತದ್ದನ್ನು ಸುಮ್ಮನೆ ಇಟ್ಟುಕೊಳ್ಳುವ ಜಾಯಮಾನವಲ್ಲ. ಮದುವೆ ಮನೆಯಲ್ಲಿ ಪುರೋಹಿತರು ತಿಥಿ ಹೇಳಿದರೆ ಇವರು ಪಕ್ಕದಲ್ಲಿ ನಿಂತು ಆಜೂರ್, ದೈ, ಬಹಮನ್ ಎಂದು ನಿಜಾಮನ ತಿಂಗಳು ಹೇಳುತ್ತಾರೆ. ಯಾರಾದರೂ ಹುಟ್ಟಿದ ವರ್ಷ ಹೇಳಿದರೆ ಅದರಲ್ಲಿ 590 ಕಳೆದು ಫಸಲಿ ಮಾಡಿಕೊಡುತ್ತಾರೆ. ಮದುವೆಯಲ್ಲಿ ಮುಯ್ಯಿ ನೂರು ರೂಪಾಯಿ ಬರೆಸಿದರೆ, ‘ಕಲದಾರ ನೂರು ಅಂದ್ರ ಹಾಲಿ ಸಿಕ್ಕಾದಾಗ ನೂರಾ ಹದಿನಾರು ರೂಪಾಯಿ ಹತ್ತಾಣೆ ಎಂಟು ಪೈ ನೋಡ್ರಿ’ ಎಂದು ಮುಯ್ಯಿ ಬರೆಯುವವನ ಲೆಕ್ಕ ಕೆಡಿಸುತ್ತಾರೆ. ಲೆಕ್ಕವೇನೋ ಸರಿ. ನಿಜಾಮನ ಏಳು ಹಾಲಿ ರೂಪಾಯಿಗೆ ಬ್ರಿಟಿಷರ ಆರು ಕಲದಾರ ಎಂಬ ದರ ಆಗ ಇತ್ತು. ಬೊಂಬಾಯಿಯಲ್ಲಿ ಗಳಿಸಿದ ಕಲದಾರ ಊರಿಗೆ ಬರುವಷ್ಟರಲ್ಲಿ ಹಿಗ್ಗುತ್ತಿದ್ದುದೂ ಜನ ರೈಲು ಹತ್ತಿದ್ದಕ್ಕೆ ಒಂದು ಕಾರಣ ಎಂದು ಮಾಸ್ತರರ ಸಿದ್ಧಾಂತ. ಇದನ್ನು ನಾನು ತಳ್ಳಿಹಾಕಲಾರೆ.

ಆದರೆ ಇಷ್ಟೆಲ್ಲ ಉರ್ದು ಓದಿದರೂ ತಾತ ಮಾತ್ರ ಸಿಗಲಿಲ್ಲ. ಯಾವ ಸರ್ವೆ ನಂಬರಿಗೆ ಎಷ್ಟು ದಸ್ತ, ಯಾರ ಬಾವಿ, ಯಾರು ಬಾಕಿದಾರ ಎಲ್ಲ ಇದೆ. 1954-55ರ ಖಾಸರಾ ಪಹಣಿಯಲ್ಲಿ ಊರಿನ ಒಂದೊಂದು ತುಂಡು ನೆಲವನ್ನೂ ಬರೆದಿದ್ದಾರೆ. ತಾತನಿಗೆ ನೆಲವಿರಲಿಲ್ಲ. ನೆಲವಿದ್ದಿದ್ದರೆ ಬೊಂಬಾಯಿಗೆ ಯಾಕೆ ಹೋಗುತ್ತಿದ್ದ? ಹೋಗದೆ ಇದ್ದಿದ್ದರೆ ಮಾಸ್ತರಿಗೆ ಹುಡುಕುವ ಕೆಲಸವೇ ಇರುತ್ತಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡು ನನಗೆ ಹೇಳಿದರು: ‘ಕಾಲು ಇಲ್ಲದ ನೆಲಕ್ಕ ದಾಖಲಿ ಅದ ಸಾರ್, ನೆಲ ಇಲ್ಲದ ಕಾಲಿಗೆ ಇಲ್ಲ.’ ಈ ಮಾತನ್ನು ಅವರು ಆಮೇಲೆ ಸಾಹಿತ್ಯ ಪರಿಷತ್ತಿನ ಸಭೆಯಲ್ಲೂ ಬಿಟ್ಟರು. ಚಪ್ಪಾಳೆ ಬಿತ್ತು.

ನಡುವೆ ಒಂದು ಸುಗ್ಗಿಯಲ್ಲಿ ಹೆಳವರು ಬಂದರು. ಹಿಂದೆ ಎತ್ತಿನ ಮೇಲೆ ಕುಂತು ಮನೆ ಮುಂದೆ ನಿಂತು ಏಳು ತಲೆಮಾರು ಹೇಳುತ್ತಿದ್ದವರು, ಈಗ ಹೀರೋ ಹೊಂಡಾದಲ್ಲಿ ಬರುತ್ತಾರೆ. ಹೆಳವ ಚೀಲದಿಂದ ಹೊತ್ತಿಗೆ ತೆಗೆದು, ಮೂಲ ಪುರುಷ ಎಲ್ಲಿಂದ ಬಂದ, ಎಷ್ಟು ಎತ್ತು, ಎಷ್ಟು ಮಕ್ಕಳು, ಯಾರನ್ನು ಯಾವ ಊರಿಗೆ ಕೊಟ್ಟರು ಎಂದು ಒಂದೇ ಉಸಿರಿಗೆ ಹೇಳುತ್ತ ಬೊಂಬಾಯಿ ತಾತನ ಹತ್ತಿರ ಬಂದು ಒಂದು ಹೆಸರಿಗೆ ನಿಲ್ಲಿಸಿ ಮುಂದೆ ಹೋದ. ಮಾಸ್ತರು ತಡೆದರು.

‘ಈತ ಬೊಂಬಾಯಿದಾಗ ಏನ್ ಮಾಡ್ತಿದ್ದ ಬರದೀಯೇನಪ್ಪಾ?’

‘ಇಲ್ರಿ ಸಾವ್ಕಾರ್. ದಾನ ಕೊಟ್ಟ ಮನಿದು ಬರೀತೀವಿ. ನಮ್ಮಪ್ಪನ ಎತ್ತು ಬೊಂಬಾಯಿ ತನಕ ನಡೀತಿರಲಿಲ್ರಿ.’

ಮಾಸ್ತರು ಒಂದು ಚೀಲ ಜೋಳ, ಒಂದು ಟವೆಲ್ಲು ಕೊಟ್ಟು, ತಮ್ಮದೇ ಡ್ರಾಯಿಂಗ್ ಶೀಟು ಬಿಚ್ಚಿ ಹೆಳವನಿಗೇ ವಂಶಾವಳಿ ಹೇಳತೊಡಗಿದರು. ಆತ ಸ್ವಲ್ಪ ಹೊತ್ತು ಕೇಳಿ, ‘ನಮ್ಮ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ್ರಿ’ ಎಂದು ಕೈ ಮುಗಿದು ಗಾಡಿ ಸ್ಟಾರ್ಟ್ ಮಾಡಿದನಂತೆ.

ಕೊನೆಗೆ ಮುಂಬಯಿಗೇ ಹೋದರು. ಬೊಂಬಾಯಿ ಕಡೆಯ ಜಿ.ಐ.ಪಿ. ರೈಲು ಮತ್ತು ಮದ್ರಾಸಿನ ರೈಲು ಬಂದು ಕೂಡಿದ್ದೇ ರಾಯಚೂರಿನಲ್ಲಿ, 1871ರಲ್ಲಿ. ಆಮೇಲೆ ನಮ್ಮ ಜನಕ್ಕೆ ಬೊಂಬಾಯಿ ರೈಲಿನ ದಾರಿಯಾಯಿತು. ಮಾಸ್ತರು ತಾತ ಹೋದಂತೆಯೇ ಹೋಗಬೇಕೆಂದು ಜನರಲ್ ಬೋಗಿ ಹತ್ತಿ, ವಾಡಿ ಬರುವಷ್ಟರಲ್ಲಿ ಟಿ.ಸಿ.ಯನ್ನು ಹುಡುಕಿ ಸ್ಲೀಪರಿಗೆ ಬದಲಾಯಿಸಿಕೊಂಡರು.

ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಬಹಳ ಮರ್ಯಾದೆಯಿಂದ ಕೂರಿಸಿದರಂತೆ, ಆದರೆ ಗಿರಣಿ ಆಳುಗಳ ಮಸ್ಟರು ಮಾತ್ರ ಅಲ್ಲಿರಲಿಲ್ಲ. ಗಿರಣಿ ಎಂದರೆ ಖಾಸಗಿ ಕಂಪನಿ, ಅದರ ಮಸ್ಟರು ಸರ್ಕಾರದ ಕಪಾಟಿಗೆ ಯಾಕೆ ಬರುತ್ತದೆ? ಅದರ ಮೇಲೆ, ಆಗಿನ ಗಿರಣಿಗಳಲ್ಲಿ ಆಳು ಸೇರಿಸುವುದು, ಬಿಡಿಸುವುದು ಎಲ್ಲ ಜಾಬರ್ ಎಂಬ ಮುಕಾದಮನ ಕೈಯಲ್ಲಿ. ಬದಲಿ ಆಳುಗಳು ಬೆಳಿಗ್ಗೆ ಗೇಟಿನಲ್ಲಿ ನಿಂತಿರಬೇಕು. ಯಾರೋ ಬಾರದಿದ್ದರೆ ಆ ದಿನದ ಕೂಲಿ, ಬಂದರೆ ಬರಿಗೈ. ಹೆಸರಿನ ತೊಡಕು ಬೇರೆ. ಮೊಹರಂ ಅಲಾಯಿ ದೇವರಿಗೆ ಹರಕೆ ಹೊತ್ತು ಹುಸೇನಪ್ಪ, ಮೌಲಪ್ಪ ಎಂದು ಹೆಸರಿಡುವ ಸೀಮೆ ನಮ್ಮದು. ಅಲ್ಲಿನ ಮರಾಠಿ ಗುಮಾಸ್ತ ಹುಸೇನಪ್ಪನನ್ನು ಯಾವ ಹೆಸರಿನಲ್ಲಿ, ಯಾವ ಧರ್ಮದಲ್ಲಿ ಬರೆದುಕೊಂಡನೋ ಶಿವನೇ ಬಲ್ಲ. ಗಿರಣಿಗಳೂ 1982ರ ಮುಷ್ಕರದ ನಂತರ ಒಂದೊಂದಾಗಿ ಮುಚ್ಚಿದವು. ಮಾಸ್ತರು ಪರೇಲಿನಲ್ಲಿ ಗಿರಣಿ ಇದ್ದ ಜಾಗ ಹುಡುಕಿಕೊಂಡು ಹೋದರೆ ಅಲ್ಲೊಂದು ಮಾಲ್ ಎದ್ದಿತ್ತು. ಬಾಗಿಲಲ್ಲಿದ್ದ ಸೆಕ್ಯುರಿಟಿಯವನಿಗೆ ತಾತನ ವಿಷಯ ಹರಕು ಹಿಂದಿಯಲ್ಲಿ ವಿವರಿಸಿದರು. ಅವನು ಸಮಾಧಾನದಿಂದ ಕೇಳಿಸಿಕೊಂಡು, ಕಳೆದುಹೋದ ವಸ್ತುಗಳ ಕೌಂಟರ್ ಮೊದಲ ಮಹಡಿಯಲ್ಲಿದೆ ಎಂದು ತೋರಿಸಿದ.

ಬರಿಗೈಲಿ ಬಂದರು ಎನ್ನುವಂತಿಲ್ಲ, ಎರಡು ಹೊಸ ಊಹೆ ತಂದರು. ಎರಡೂ ಊರಲ್ಲಿ ಅವರಿಗೇ ತಿರುಗುಬಾಣವಾದವು. ಮೊದಲನೆಯದು, ತಾತ ಕಾಮಾಟಿಪುರದಲ್ಲಿ ಇದ್ದಿರಬೇಕು ಎಂಬುದು. ಇದನ್ನು ಅವರು ತುಂಬಿದ ಹೋಟೆಲಿನಲ್ಲಿ ಗಟ್ಟಿಯಾಗಿ ಹೇಳಿದರು. ಒಂದು ಕ್ಷಣ ಮಿರ್ಚಿ ಕರಿಯುವ ಸದ್ದೊಂದೇ ಕೇಳಿಸಿತು. ನಿಜಾಮರ ಸೀಮೆಯಿಂದ ಹೋಗಿ ಆ ಶಹರದ ಕಟ್ಟಡ, ರಸ್ತೆ ಕಟ್ಟಿದ ಕಾಮಾಟಿ ಎಂಬ ಕೂಲಿ ಜನರಿಂದಲೇ ಆ ಪೇಟೆಗೆ ಹೆಸರು ಬಂದದ್ದು, ಈಗಿನ ಕೆಟ್ಟ ಹೆಸರು ಆಮೇಲಿನದು ಎಂದು ಅವರು ಎಷ್ಟು ವಿವರಿಸಿದರೂ ಕೇಳುವವರು ತಲೆ ತಗ್ಗಿಸಿ ನಗುತ್ತಿದ್ದರು. ಸಂಜೆಯೊಳಗೆ ಸುದ್ದಿ ಮನೆ ಮುಟ್ಟಿತು. ‘ಸತ್ತ ಹಿರ್ಯಾನ ಮರ್ಯಾದಿ ಯಾಕ ಕಳೀತೀರಿ? ನಾಳಿ ಮಮ್ಮಕ್ಕಳಿಗೆ ಹೆಣ್ಣು ಕೊಡೋರ್ ಯಾರು?’ ಎಂದು ಅವರ ಹೆಂಡತಿ ಎರಡು ದಿನ ರೊಟ್ಟಿ ಬಡಿಯುವ ಸದ್ದಿನಲ್ಲೇ ಮಾತಾಡಿದರು.

ಎರಡನೆಯದು ಬಂದರಿನ ಸ್ಫೋಟ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗಿಗೆ ಬೆಂಕಿ ಬಿತ್ತು. ಒಳಗೆ ಹತ್ತಿ ಅಂಡಿಗೆ, ಮದ್ದುಗುಂಡು, ಚಿನ್ನದ ಗಟ್ಟಿ ಎಲ್ಲ ಒಟ್ಟಿಗೇ ಇದ್ದವು. ಹಡಗು ಸಿಡಿದಾಗ ಒಂದು ಗಟ್ಟಿ ಹಾರಿ ಹೋಗಿ ದೂರದ ಪಾರ್ಸಿ ಗೃಹಸ್ಥರೊಬ್ಬರ ಮನೆಯೊಳಗೆ ಬಿತ್ತು. ಅವರು ಅದನ್ನು ಪ್ರಾಮಾಣಿಕವಾಗಿ ಸರ್ಕಾರಕ್ಕೆ ಒಪ್ಪಿಸಿದರು. ತಾತನ ಅರ್ಧ ಬೆರಳು ಅಲ್ಲೇ ಹೋಗಿರಬೇಕು ಎಂಬುದು ಮಾಸ್ತರರ ವಾದ. ಊರವರಿಗೆ ಬೆರಳು ಬೇಕಿರಲಿಲ್ಲ. ಅವರು ಹಿಡಿದುಕೊಂಡದ್ದು ಚಿನ್ನವನ್ನು. ಬೊಂಬಾಯಿ ತಾತ ಗಟ್ಟಿ ತಂದು ಹಿತ್ತಲಲ್ಲಿ ಹೂತಿದ್ದ, ಮಾಸ್ತರು ಈಗ ಅದನ್ನೇ ಹುಡುಕುತ್ತಿದ್ದಾರೆ, ಸಂಶೋಧನೆ ಗಿಂಶೋಧನೆ ಎಲ್ಲ ನೆಪ ಎಂದು ಮಾತು ಹಬ್ಬಿತು. ಬೇಸಿಗೆಯಲ್ಲಿ ಶೌಚಾಲಯದ ಗುಂಡಿ ತೋಡಿಸಿದಾಗ ನೋಡಲು ಬಂದವರಿಗೆ ಚಹಾ ಮಾಡಿ ಮಾಡಿ ಮನೆಯ ಹಾಲು ತೀರಿತು. ದೂರದ ದಾಯಾದಿಯೊಬ್ಬ ಗುಂಡಿಯ ಪಕ್ಕ ಕುರ್ಚಿ ಹಾಕಿಕೊಂಡು, ‘ಸಿಕ್ಕರ ನಮಗೂ ಒಂದು ಹಿಸ್ಸಾ ಬರಬೇಕಲ್ರಿ ಸಾರ್, ವಂಶವೃಕ್ಷದಾಗ ನೀವಾ ಬರದೀರಿ, ಹಸಿರು ಪೆನ್ನಿಲೆ’ ಎಂದ.

ಈ ಗದ್ದಲದ ನಂತರ ಮಾಸ್ತರು ಸತ್ತವರನ್ನು ಸ್ವಲ್ಪ ಬಿಟ್ಟು ಬದುಕಿದ್ದವರ ಕಡೆ ತಿರುಗಿದ್ದಾರೆ. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆಯ ಹುಡುಗರು, ಗಂಡಹೆಂಡಿರು ಮೂಟೆ ಕಟ್ಟಿಕೊಂಡು ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗುವುದು ಇದ್ದದ್ದೇ. ಮಾಸ್ತರು ಒಂದು ಹಾಜರಿ ಪುಸ್ತಕ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುತ್ತಾರೆ. ಮುಂದಿನ ಮೊಮ್ಮಕ್ಕಳಿಗೆ ತಮ್ಮ ಪಾಡು ಬರಬಾರದಂತೆ. ಹೆಸರು, ತಂದೆಯ ಹೆಸರು, ಹೋಗುವ ಊರು, ಮೇಸ್ತ್ರಿಯ ಫೋನ್ ನಂಬರು, ಸಹಿ.

‘ಕೆಲಸ ಏನಂತ ಬರೀಲೋ?’

‘ಸಿಕ್ಕಿದ್ದು ಬರೀರಿ ಸಾರ್.’

‘ಹಂಗಲ್ಲಲೇ, ಹುದ್ದಿ!’

‘ಸೆಂಟ್ರಿಂಗ್ ಅಂತ ಬರೀರಿ. ಅದಿಲ್ಲಾಂದ್ರ ವಾಚ್‌ಮನ್. ಬಸ್ಸು ಬಂತ್ರಿ.’

ಬರೆಸಿಕೊಂಡದ್ದನ್ನು ತಾಳೆ ನೋಡಬೇಕಲ್ಲ, ಹೋದ ವಾರ ಬೆಂಗಳೂರಿನ ಒಬ್ಬ ಮೇಸ್ತ್ರಿಗೆ ಮಾಸ್ತರೇ ಫೋನ್ ಹಚ್ಚಿದರು. ನಮ್ಮೂರ ಹುಡುಗರು ಎಷ್ಟು ಜನ ಮುಟ್ಟಿದರು, ಯಾವ ಕೆಲಸಕ್ಕೆ ಹಾಕಿದಿರಿ, ದಿನಕ್ಕೆಷ್ಟು ಕೊಡುತ್ತೀರಿ ಎಂದು ಒಂದೊಂದಾಗಿ ಕೇಳಿದರು. ಆ ಕಡೆಯವನು ಎಲ್ಲಕ್ಕೂ ಉತ್ತರ ಕೊಟ್ಟು, ಕೊನೆಗೆ, ‘ಸಾರ್, ಲಿಸ್ಟು ನಿಮ್ಮ ಕಡೆ ಐತಲ್ಲ, ಇನ್ನೊಂದು ಹತ್ತು ಜೋಡಿ ಕಳಿಸಿ. ತಲೆಗೆ ಇನ್ನೂರು ಕಮಿಷನ್ ಹಾಕ್ತೀನಿ. ನಿಮಗೆ ಫೋನ್‌ಪೇ ಇದೆಯಾ?’ ಎಂದ. ಮಾಸ್ತರು ಕೆಂಡಾಮಂಡಲವಾಗಿ, ನಾನು ಹೆಡ್ ಮಾಸ್ತರ್, ಸರ್ಕಾರಿ ಪಿಂಚಣಿದಾರ, ಸಂಶೋಧಕ ಎಂದು ಕೂಗಾಡಿ ಫೋನ್ ಇಟ್ಟರು. ಆಮೇಲೆ ತಾತನ ಎಸ್.ಆರ್. ತೆಗೆದರು. ತಾತನನ್ನು ಊರಿಂದ ಕರೆದೊಯ್ದ ಮುಕಾದಮನಿಗೂ ತಲೆಗೆ ಇಷ್ಟೆಂದು ಸಿಕ್ಕಿರಲೇಬೇಕಲ್ಲ ಎಂದುಕೊಂಡು, ‘ನೇಮಕಾತಿ ವಿಧಾನ’ ಎಂಬಲ್ಲಿ ಕೆಂಪು ಪೆನ್ನಿನಿಂದ ‘ಕಮಿಷನ್ ಮೇಲೆ’ ಎಂದು ತುಂಬಿ, ಇನ್ನೂರು ರೂಪಾಯಿ ಹಾಲಿ ಸಿಕ್ಕಾದಲ್ಲಿ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕತೊಡಗಿದರು.