ಅಕ್ಕೋರ, ಕೇಳಸವಲ್ತ್ರೀ!

ಗಣಿತದ ಟೀಚರ್ ಅಂದ್ರೆ ಊರಿನೊಳಗೆ ಒಂದಿಷ್ಟು ಹೆದರಿಕೆ ಇರಬೇಕು ನೋಡ್ರಿ. 2020ರ ಮಾರ್ಚಿನವರೆಗೆ ನಮ್ಮ ಉಪ್ಪಿನಬೆಟಗೇರಿಯಲ್ಲಿ ನನಗೂ ಅದು ಇತ್ತು. ನಾನು ಓಣಿ ಹಿಡಿದು ಬಂದರೆ ಹುಡುಗರು ಆಡುತ್ತಿದ್ದ ಗೋಲಿ ಅಲ್ಲೇ ಬಿಟ್ಟು ಸಂದಿ ಸೇರುತ್ತಿದ್ದರು. ಆಮೇಲೆ ಕೊರೊನಾ ಬಂತು, ಸಾಲಿಗೆ ಕೀಲಿ ಬಿತ್ತು, ನಾನು ಹೋಗಿ ಮೊಬೈಲಿನೊಳಗೆ ಕೂತೆ. ಅಂಗೈ ಅಗಲ ಆದ ಟೀಚರಿಗೆ ಯಾರು ಹೆದರ್ತಾರ? ಬ್ಯಾಸರಾದರೆ ಹೆಬ್ಬೆರಳಿಂದ ಅತ್ತ ಸರಿಸಿದರಾಯಿತು.

ಮೊದಲಿಗೆ ವಾಟ್ಸಾಪ್ ಗ್ರೂಪ್ ಮಾಡಿದೆವು. ಮಾಡಿದ ಮೇಲೆ ನೋಡಿದರೆ ಗ್ರೂಪಿನಲ್ಲಿ ಹುಡುಗರೇ ಇಲ್ಲ, ಬರೀ ಅವರ ಅಪ್ಪಂದಿರು! ಫೋನು ಅಪ್ಪನ ಕಿಸೆಯಲ್ಲಿ, ಅಪ್ಪ ಹೊಲದಲ್ಲಿ, ಹುಡುಗ ಮನೆಯಲ್ಲಿ. ಹೀಗಾಗಿ ಹಾಜರಿ ತೆಗೆದುಕೊಳ್ಳುವುದೂ ಡಿಪಿ ನೋಡಿಯೇ. ಇಬ್ಬರು ಸಂಗೊಳ್ಳಿ ರಾಯಣ್ಣ, ಮೂವರು ಯಶ್, ಒಬ್ಬ ಬಸವಣ್ಣ, ಉಳಿದವೆಲ್ಲ ಟ್ರ್ಯಾಕ್ಟರು. ‘ಕೆಂಪು ಟ್ರ್ಯಾಕ್ಟರ್, ಹೋಮ್‌ವರ್ಕ್ ಯಾಕ ಬಂದಿಲ್ಲ?’ ಅಂತ ಬರೆದರೆ ಎರಡು ತಾಸಿನ ಮೇಲೆ ಉತ್ತರ: ‘ಅಕ್ಕೋರ, ನಮ್ಮ ಹುಡುಗಿ ಬರದಾಳ್ರೀ, ರಾತ್ರಿ ಫೋಟೋ ಹಾಕ್ತೇನಿ. ಈಗ ಹೊಲದಾಗ ಅದೇನಿ. ಅಂದಂಗ ಅಮರಗೋಳ ಎಪಿಎಂಸಿಯೊಳಗ ಹೆಸರಿನ ರೇಟ್ ಎಷ್ಟ ಐತ್ರೀ ಇವತ್ತ?’ ನಾನು ಲೆಕ್ಕದ ಟೀಚರ್ ಅಲ್ಲವೇ, ಎಲ್ಲಾ ಲೆಕ್ಕ ನನಗೆ ಗೊತ್ತಿರಬೇಕು.

ಅಪ್ಪ ಹೊಲದಿಂದ ಬಂದು, ಉಂಡು, ಫೋನ್ ಚಾರ್ಜಿಗೆ ಹಾಕುವುದು ರಾತ್ರಿ ಒಂಬತ್ತಕ್ಕೆ. ಆಗಲೇ ನಮ್ಮ ಗಂಟೆ ಬಾರಿಸುವುದು. ಒಂದು ಮನೆಗೆ ನಾಲ್ಕಾರು ರಾತ್ರಿ ಹಾಗೆ ಫೋನ್ ಮಾಡಿದೆ ನೋಡ್ರಿ, ಒಂದು ರಾತ್ರಿ ಹುಡುಗನ ತಾಯಿ ಎತ್ತಿಕೊಂಡಳು.

‘ಯಾರಬೇ ನೀನು? ದಿನಾ ಹೊತ್ತ ಮುಳುಗಿದ ಮ್ಯಾಲ ನನ್ನ ಗಂಡನ ಕೂಡ ಏನ ಕೆಲಸ ನಿಂದು?’

‘ಮಸಾಅ ಕಲಿಸೋದಿತ್ತವ್ವಾ.’

‘ಮಸಾಲಿನ? ನನಗ ಬರತೈತಿ, ನೀ ಏನ ಕಲಸ್ತಿ!’

ಮರುದಿನ ಮುಖ್ಯೋಪಾಧ್ಯಾಯರೇ ಆ ಮನೆಗೆ ಫೋನ್ ಹಚ್ಚಿ ನನ್ನ ಗುರುತು ಹೇಳಬೇಕಾಯಿತು.

ಇನ್ನು ನೆಟ್‌ವರ್ಕ್. ಅದು ಮನೆಯೊಳಗೆ ಬರುವುದಿಲ್ಲ, ಮಾಳಿಗೆ ಮೇಲೆ ಹತ್ತಿದರೆ ಎರಡು ಗೀಟು ಕಾಣುತ್ತದೆ. ಹೀಗಾಗಿ ನಮ್ಮ ಹತ್ತನೇ ತರಗತಿ ಊರಿನ ಮಾಳಿಗೆಗಳ ಮೇಲೆಲ್ಲ ಹರಡಿಕೊಂಡಿತು. ಪಾಠ ಹೇಳುವಷ್ಟು ಹೊತ್ತು ಎಲ್ಲಾ ಸುಸೂತ್ರ. ಪ್ರಶ್ನೆ ಕೇಳಿದೆನೋ, ಎಲ್ಲಾ ಮಾಳಿಗೆಯಿಂದ ಒಂದೇ ಕೂಗು: ‘ಅಕ್ಕೋರ, ಕೇಳಸವಲ್ತ್ರೀ!’ ನಾನೂ ಇದೇ ತಾಲೂಕಿನ ನೀರು ಕುಡಿದವಳು. ಇದ್ದ ದನಿಯನ್ನು ಇನ್ನೂ ಇಳಿಸಿ, ‘ನಾಳೆ ಬಿಸಿಯೂಟದ ಅಕ್ಕಿ, ಬ್ಯಾಳಿ ಹಂಚ್ತೇವಿ’ ಅಂದೆ. ‘ಎಷ್ಟ ಗಂಟೆಕ್ಕ್ರೀ ಅಕ್ಕೋರ?’ ಅಂತ ಅದೇ ಕ್ಷಣಕ್ಕೆ ಅಷ್ಟೂ ಮಾಳಿಗೆ ಕೇಳಿದವು.

ಅತ್ತ ಬೆಂಗಳೂರಿನಲ್ಲಿ ಬೇರೆಯೇ ಜಗ್ಗಾಟ. ಸಣ್ಣ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡ ಅಂತ ಸರಕಾರ ಜೂನ್‌ನಲ್ಲಿ ಹೇಳಿತು. ಜುಲೈ 8ಕ್ಕೆ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಪೇಪರಿನ ತುಂಬ ಚರ್ಚೆ. ನಮ್ಮೂರ ಅನೇಕ ಮನೆಗಳಿಗೆ ನಿಷೇಧವೂ ತಾಗಲಿಲ್ಲ, ತಡೆಯೂ ತಾಗಲಿಲ್ಲ. ತಾಗಬೇಕೆಂದರೆ ಮೊದಲು ಸ್ಮಾರ್ಟ್‌ಫೋನ್ ಇರಬೇಕಲ್ಲ!

ಜುಲೈ 20ರಿಂದ ದೂರದರ್ಶನ ಚಂದನದಲ್ಲಿ ‘ಸೇತುಬಂಧ’ ಸುರುವಾಯಿತು, ಎಂಟರಿಂದ ಹತ್ತನೆಯವರಿಗೆ. ಟೀವಿ ಮನೆಮನೆಗೂ ಉಂಟು, ಇದಕ್ಕೆ ಮೊಮ್ಮಕ್ಕಳ ಜೋಡಿ ಅಜ್ಜಿಯರೂ ಕೂತರು. ಒಬ್ಬ ಅಜ್ಜಿ ಕಿರಾಣಿ ಅಂಗಡಿ ಮುಂದೆ ನನ್ನನ್ನು ನಿಲ್ಲಿಸಿ ತೀರ್ಪು ಕೊಟ್ಟಳು: ‘ಆ ಟೀವಿ ಅಕ್ಕೋರು ಭಾಳ ಚೊಲೋ ಅದಾರವಾ. ಒಬ್ಬರಿಗೂ ಬೈಯಂಗಿಲ್ಲ, ಚಂದನ ಸೀರಿ ಉಡ್ತಾರ.’ ಅವರ ಎದುರಿಗೆ ಹುಡುಗರೇ ಇಲ್ಲ, ಬೈಯೋದು ಯಾರಿಗೆ ಹೇಳ್ರಿ? ನಲವತ್ತು ಹುಡುಗರನ್ನು ಮುಂದೆ ಕೂಡ್ರಿಸಿ ಬೈಯದೇ ಇರಲಿ, ನಾನೇ ಅವರಿಗೆ ಸೀರೆ ಉಡಿಸುತ್ತೇನೆ.

ಈಗ ಖರೇ ಮಾತು. ಆ ಎರಡು ವರ್ಷದ ಗದ್ದಲದಲ್ಲಿ ಸಾಲಿ ಅನ್ನಿಸಿದ್ದು ಒಂದೇ, 2020ರ ಆಗಸ್ಟಿನಲ್ಲಿ ಬಂದ ವಿದ್ಯಾಗಮ. ಸ್ಮಾರ್ಟ್‌ಫೋನ್ ಇದ್ದವರು, ಸಾದಾ ಫೋನ್ ಇದ್ದವರು, ಏನೂ ಇಲ್ಲದವರು ಅಂತ ಮಕ್ಕಳನ್ನು ವಿಂಗಡಿಸಿ, ಮೇಷ್ಟ್ರುಗಳೇ ಓಣಿಗೆ ಹೋಗಿ ಕಲಿಸಬೇಕು ಅಂತ ಆದೇಶ. ಗುಡಿ, ಕಟ್ಟೆ, ಗಿಡದ ನೆರಳು, ಎಲ್ಲಿ ಜಾಗವೋ ಅಲ್ಲಿ. ನಾನು ಒಂದು ಗುಡಿಯ ಪೌಳಿ ಹಿಡಿದೆ. ಕರಿಹಲಗೆ ಇಲ್ಲ, ಗುಡಿಯ ಹಾಸುಗಲ್ಲಿನ ಮೇಲೇ ಸುಣ್ಣದ ಬಳಪದಿಂದ ತ್ರಿಕೋನ ಬರೆದರೆ ದರ್ಶನಕ್ಕೆ ಬಂದವರು ಸುತ್ತು ಹಾಕಿ ದಾಟುತ್ತಿದ್ದರು, ರಂಗೋಲಿ ಅಂತ.

ಕಟ್ಟೆಯ ಕಾಯಂ ಗಿರಾಕಿಗಳಾದ ಮುತ್ಯಾಗಳು ಎಲ್ಲಿಗೆ ಹೋಗಬೇಕು? ಅವರೂ ಕೂತರು. ಬಡ್ಡಿ ಲೆಕ್ಕ ಹಾಕಿದ ದಿನ ಹುಡುಗರು ಪೆನ್ನಿನ ಟೊಪ್ಪಿಗೆ ತೆಗೆಯುವುದರೊಳಗೆ ಒಬ್ಬ ಮುತ್ಯಾ ಬಾಯಿಲೆಕ್ಕದಲ್ಲೇ ಉತ್ತರ ಒಗೆದ. ‘ಹೆಂಗ ಗೊತ್ತಾತು ಮುತ್ಯಾ?’ ಅಂದರೆ, ‘ನಲವತ್ತ ವರ್ಷ ಬಡ್ಡಿ ಕಟ್ಟೇನಿ ತಂಗಿ, ನಿನಗಿಂತ ಭಾಳ ಹಳೇ ವಿದ್ಯಾರ್ಥಿ ನಾ.’ ಹೆಸರು ಬಿಡಿಸುವ ಸುಗ್ಗಿ ಬಂತೆಂದರೆ ಹೆಣ್ಣುಮಕ್ಕಳು ಬುಟ್ಟಿ ಹಿಡಿದು ಹೊಲಕ್ಕೆ ನಡೆದುಬಿಡುತ್ತಿದ್ದರು. ಆಗ ಪೌಳಿ ಅರ್ಧ ಖಾಲಿ. ಆದರೂ ಎದುರಿಗೆ ಮುಖ ಇತ್ತು ನೋಡ್ರಿ. ಯಾರಿಗೆ ತಿಳಿದಿದೆ, ಯಾರು ಸುಮ್ಮನೆ ಗೋಣು ಹಾಕುತ್ತಿದ್ದಾರೆ ಅನ್ನುವುದು ಮುಖದಲ್ಲೇ ಕಾಣುತ್ತದೆ, ಯಾವ ಡಿಪಿಯಲ್ಲೂ ಅಲ್ಲ.

ಅಲ್ಲಲ್ಲಿ ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿ ಬಂದು ಅಕ್ಟೋಬರ್ 10ರಂದು ವಿದ್ಯಾಗಮ ನಿಂತಿತು. ಅದು ತಪ್ಪು ಅನ್ನಲಾರೆ. ಎರಡನೇ ಅಲೆಯಲ್ಲಿ ನಮ್ಮ ವೃತ್ತಿಯ ಎಷ್ಟೋ ಜನ ಹೋದರು, ಆ ಮಾತಿಗೆ ಹರಟೆಯಲ್ಲಿ ಜಾಗವಿಲ್ಲ.

2021ರ ಎಸ್ಸೆಸ್ಸೆಲ್ಸಿ ಮಾತ್ರ ಹೇಳಲೇಬೇಕು. ಆರು ವಿಷಯ, ಎರಡೇ ದಿನ. ಜುಲೈ 19ಕ್ಕೆ ಗಣಿತ, ವಿಜ್ಞಾನ, ಸಮಾಜ, 22ಕ್ಕೆ ಮೂರೂ ಭಾಷೆ, ವಿಷಯಕ್ಕೆ 40 ಅಂಕ. ಎಲ್ಲಾ ಬಹುಆಯ್ಕೆ, ಓಎಂಆರ್ ಹಾಳೆಯಲ್ಲಿ ಗೋಲ ತುಂಬುವುದು. ಆ ಗೋಲ ತುಂಬುವುದನ್ನೂ ಫೋನಿನಲ್ಲೇ ಹೇಳಿಕೊಡಬೇಕಾಯಿತು. ‘ನನ್ನ ತಮ್ಮ ಒಂದನೆತ್ತೇಕ ಬಣ್ಣ ತುಂಬತಾನ, ನಾ ಹತ್ತನೆತ್ತೇಕ ತುಂಬಾಕತ್ತೇನಿ, ಅಷ್ಟ ಫರಕ್ ಅಲ್ಲರೀ?’ ಅಂದ ಒಬ್ಬ. ಆ ಸಲ ರಾಜ್ಯದಲ್ಲಿ ಹೆಚ್ಚುಕಡಿಮೆ ಎಲ್ಲರೂ ಪಾಸು. ಒಂಬತ್ತು, ಹತ್ತನೆಯವರಿಗೆ ಆಗಸ್ಟ್ 23ಕ್ಕೆ ಸಾಲಿ ತೆರೆಯಿತು. ಬೆಂಚಿನ ಮೇಲೆ ಕೂತ ಹುಡುಗರಿಗೆ ಭಾಗಾಕಾರ ಮರೆತಿತ್ತು, ಫೋನಿನ ಪಾಸ್‌ವರ್ಡ್ ಮಾತ್ರ ಮನೆಯವರೆಲ್ಲರದೂ ಬಾಯಿಪಾಠ!

ಕೊರೊನಾ ಹೋಯಿತು, ಗ್ರೂಪ್ ಹೋಗಲಿಲ್ಲ. ಇಲಾಖೆಯ ಸುತ್ತೋಲೆ ಅದರಲ್ಲೇ, ಹಾಜರಿ ಲೆಕ್ಕ ಅದರಲ್ಲೇ, ರಾತ್ರಿ ಹನ್ನೊಂದಕ್ಕೆ ‘ನಾಳೆ ಸಾಲಿ ಐತೇನ್ರೀ?’ ಅನ್ನುವುದೂ ಅದರಲ್ಲೇ. ಆದ್ದರಿಂದ ಕೆಂಪು ಟ್ರ್ಯಾಕ್ಟರ್ ಅಣ್ಣಾವರೇ, ಇಬ್ಬರೂ ರಾಯಣ್ಣನವರೇ, ನಿಮಗೊಂದು ವಿನಂತಿ: ಗುಡ್ ಮಾರ್ನಿಂಗ್ ಹೂವಿನ ಫೋಟೋ, ಮಾರಲಿಕ್ಕಿರುವ ಎಮ್ಮೆಯ ವಿಡಿಯೋ ದಯಮಾಡಿ ಸಾಲಿ ಗ್ರೂಪಿಗೆ ಹಾಕಬ್ಯಾಡ್ರಿ. ಮಗಳ ಲೆಕ್ಕ ಕೇಳೋದಿದ್ದರೆ ಒಮ್ಮೆ ಸಾಲಿಗೇ ಬರ್ರಿ, ಬಾಗಿಲು ತೆರೆದೈತಿ.